ಪಿಕಪ್ ಟ್ರಕ್‌ಗಳಲ್ಲಿ ಹೆದ್ದಾರಿ ವೇಗದ ಕಂಪನ: ಕಾರಣ ಮತ್ತು ದೋಷಪತ್ತೆ

ಪಿಕಪ್ ಟ್ರಕ್ ಗಂಟೆಗೆ ಸುಮಾರು 70ರಿಂದ 120 ಕಿ.ಮೀ. ವೇಗದಲ್ಲಿ ಓಡುವಾಗ ಸ್ಟೀರಿಂಗ್, ಆಸನ ಅಥವಾ ಕ್ಯಾಬಿನ್ನಿನ ನೆಲದಲ್ಲಿ ಕಾಣಿಸಿಕೊಳ್ಳುವ, ನಿಶ್ಚಿತ ಲಯವುಳ್ಳ ಅದುರುವಿಕೆಯನ್ನು ಹೆದ್ದಾರಿ ವೇಗದ ಕಂಪನ ಎನ್ನುತ್ತಾರೆ. ರಸ್ತೆಯ ಗುಂಡಿ, ಉಬ್ಬುಗಳಿಂದ ಆಗುವ ಕುಲುಕಾಟ ಇದರಲ್ಲಿ ಸೇರುವುದಿಲ್ಲ. ವಾಹನದಲ್ಲಿ ತಿರುಗುವ ಯಾವುದೋ ಒಂದು ಭಾಗದ ಅಸಮತೋಲನ, ಆಕಾರದೋಷ ಅಥವಾ ತಪ್ಪು ಕೋನ ಈ ಕಂಪನದ ಮೂಲವಾಗಿರುತ್ತದೆ. ಪ್ರತಿಯೊಂದು ಭಾಗವೂ ತನ್ನದೇ ವೇಗದಲ್ಲಿ ತಿರುಗುವುದರಿಂದ ಕಂಪನದ ಆವೃತ್ತಿಯನ್ನು ಅಳೆದು, ಅದು ಯಾವ ಭಾಗದ ಸುತ್ತುವೇಗಕ್ಕೆ ಹೊಂದುತ್ತದೆ ಎಂದು ನೋಡುವುದೇ ದೋಷಪತ್ತೆಯ ಮೂಲ ವಿಧಾನ.

## ಹಿನ್ನೆಲೆ

ತಿರುಗುವ ದಂಡಗಳು ಒಂದು ನಿರ್ದಿಷ್ಟ ವೇಗದಲ್ಲಿ ಬಾಗಿ ತೀವ್ರವಾಗಿ ಅದುರುವುದನ್ನು ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ರ‍್ಯಾಂಕಿನ್ 1869ರಲ್ಲಿ ಗಣಿತದ ಮೂಲಕ ವಿವೇಚಿಸಿದ. ಕೋನದಲ್ಲಿರುವ ಎರಡು ದಂಡಗಳ ನಡುವೆ ತಿರುಗುವಿಕೆಯನ್ನು ದಾಟಿಸುವ ಯೂನಿವರ್ಸಲ್ ಜಾಯಿಂಟ್‌ಗೆ ಇಟಲಿಯ ಜೆರೊಲಾಮೊ ಕಾರ್ಡಾನೊ ಮತ್ತು ಇಂಗ್ಲೆಂಡಿನ ರಾಬರ್ಟ್ ಹುಕ್ ಅವರ ಹೆಸರುಗಳು ಅಂಟಿಕೊಂಡಿವೆ. ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಮೋಟಾರು ವಾಹನಗಳಿಗೆ ಹೊಂದುವ ಜಾಯಿಂಟ್‌ಗೆ 1903ರಲ್ಲಿ ಪೇಟೆಂಟ್ ಪಡೆದು, ಮರುವರ್ಷ ನ್ಯೂಜರ್ಸಿಯಲ್ಲಿ ಅದರ ತಯಾರಿಕೆ ಆರಂಭಿಸಿದ. ಎಂಜಿನ್ನಿನ ಶಕ್ತಿಯನ್ನು ಚೈನಿನ ಬದಲು ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರಗಳಿಗೆ ಸಾಗಿಸುವ ಪದ್ಧತಿ ಇದರಿಂದ ವ್ಯಾಪಕವಾಯಿತು.

ಫೋರ್ಡ್ ಕಂಪನಿ 1925ರ ಏಪ್ರಿಲ್‌ನಲ್ಲಿ ಮಾಡೆಲ್ ಟಿ ವಾಹನಕ್ಕೆ ಕಾರ್ಖಾನೆಯಲ್ಲೇ ಸರಕುತೊಟ್ಟಿ ಜೋಡಿಸಿ, 281 ಡಾಲರ್ ಬೆಲೆಗೆ ಪಿಕಪ್ ಆಗಿ ಮಾರಿತು. ಅದರ ಗರಿಷ್ಠ ವೇಗ ಗಂಟೆಗೆ 70 ಕಿ.ಮೀ. ಆಸುಪಾಸಿನಲ್ಲಿದ್ದುದರಿಂದ ಇಂದಿನ ಅರ್ಥದ ಹೆದ್ದಾರಿ ಕಂಪನ ಅಲ್ಲಿ ಪ್ರಶ್ನೆಯಾಗಿರಲಿಲ್ಲ. ಅದೇ ದಶಕದಲ್ಲಿ ಕಡಿಮೆ ಒತ್ತಡದ ಅಗಲ ಟೈರುಗಳೂ ಮುಂದಿನ ಚಕ್ರದ ಬ್ರೇಕುಗಳೂ ಬಂದಾಗ, ಇಡೀ ಮುಂಭಾಗದ ಅಚ್ಚು ಎಡಬಲಕ್ಕೆ ಒದರುವ ‘ಶಿಮ್ಮಿ’ ಎಂಬ ತೊಂದರೆ ಕಾರುಗಳಲ್ಲಿ ಹೆಚ್ಚಾಯಿತು. ಜನರಲ್ ಮೋಟಾರ್ಸ್‌ನಲ್ಲಿ ಮಾರಿಸ್ ಆಲಿ ನಡೆಸಿದ ಅಧ್ಯಯನದ ಫಲವಾಗಿ 1934ರ ಮಾದರಿಯ ಕಾರುಗಳಿಗೆ ಸ್ವತಂತ್ರ ಮುಂಭಾಗದ ಸಸ್ಪೆನ್ಶನ್ ಬಂತು. ಪಿಕಪ್‌ಗಳಿಗೆ ಅದು ತಲುಪಲು ಇನ್ನೂ ಕೆಲವು ದಶಕ ಹಿಡಿಯಿತು.

ಅಮೆರಿಕದಲ್ಲಿ 1956ರ ಕಾಯ್ದೆಯಡಿ ಅಂತರರಾಜ್ಯ ಹೆದ್ದಾರಿಗಳು ಬಂದು ದೀರ್ಘಕಾಲ ಒಂದೇ ವೇಗದಲ್ಲಿ ಓಡಿಸುವುದು ರೂಢಿಯಾಯಿತು. ತೈಲ ಬಿಕ್ಕಟ್ಟಿನ ಕಾರಣ 1974ರಲ್ಲಿ ಜಾರಿಯಾದ ಗಂಟೆಗೆ 55 ಮೈಲಿ (ಸುಮಾರು 88 ಕಿ.ಮೀ.) ವೇಗಮಿತಿ 1995ರಲ್ಲಿ ಪೂರ್ತಿ ರದ್ದಾದ ಮೇಲೆ ಹಲವು ರಾಜ್ಯಗಳು ಮಿತಿಯನ್ನು 110 ಕಿ.ಮೀ.ಗಿಂತ ಮೇಲಕ್ಕೆ ಏರಿಸಿದವು. ಅದೇ ಅವಧಿಯಲ್ಲಿ ಪಿಕಪ್ ಕೃಷಿ ಮತ್ತು ಸರಕುಸಾಗಣೆಯ ಗಾಡಿಯಾಗಿ ಉಳಿಯದೆ ಕುಟುಂಬದ ವಾಹನವೂ ಆಗಿ, ಖರೀದಿದಾರರು ಅದರಲ್ಲೂ ಕಾರಿನ ನಯವನ್ನು ನಿರೀಕ್ಷಿಸತೊಡಗಿದರು.

## ಪರಿಭಾಷೆ

ಒಂದು ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ ಆವೃತ್ತಿ. ಅದರ ಮಾನ ಹರ್ಟ್ಸ್. ಕಂಪಿಸುವ ವಸ್ತು ಸ್ವಸ್ಥಾನದಿಂದ ಸರಿಯುವ ಗರಿಷ್ಠ ದೂರ ಪಾರ. ಹೊರಗಿನಿಂದ ತಟ್ಟಿಬಿಟ್ಟಾಗ ವಸ್ತು ತಾನಾಗಿ ಕಂಪಿಸುವ ಆವೃತ್ತಿ ಅದರ ಸಹಜ ಆವೃತ್ತಿ. ಹೊರಗಿನ ಬಲದ ಆವೃತ್ತಿ ಸಹಜ ಆವೃತ್ತಿಯನ್ನು ಸಮೀಪಿಸಿದಾಗ ಪಾರ ಬಹಳವಾಗಿ ಹೆಚ್ಚುವುದು ಅನುರಣನ.

ಭಾಗವೊಂದು ಒಂದು ಸುತ್ತು ತಿರುಗುವಷ್ಟರಲ್ಲಿ ಎಷ್ಟು ಬಾರಿ ಕಂಪನ ಉಂಟುಮಾಡುತ್ತದೆ ಎಂಬುದನ್ನು ಕ್ರಮ ಎನ್ನುತ್ತಾರೆ. ಸುತ್ತಿಗೊಮ್ಮೆ ಆದರೆ ಒಂದನೆಯ ಕ್ರಮ, ಎರಡು ಬಾರಿ ಆದರೆ ಎರಡನೆಯ ಕ್ರಮ. ತಿರುಗುವ ವಸ್ತುವಿನ ಅಂಚು ವೃತ್ತಾಕಾರದಿಂದ ಅಥವಾ ಸಮತಲದಿಂದ ಸರಿದಿರುವ ಪ್ರಮಾಣ ರನ್‌ಔಟ್. ಹೊರವ್ಯಾಸದ ದಿಕ್ಕಿನಲ್ಲಿ ಅಳೆದರೆ ಅದು ತ್ರಿಜ್ಯ ರನ್‌ಔಟ್, ಪಕ್ಕದಿಂದ ಅಳೆದರೆ ಪಾರ್ಶ್ವ ರನ್‌ಔಟ್.

## ಭೌತಿಕ ತತ್ವ

ಚಕ್ರದ ಒಂದೆಡೆ ಹೆಚ್ಚುವರಿ ತೂಕವಿದ್ದರೆ ತಿರುಗುವಾಗ ಕೇಂದ್ರಾಪಗಾಮಿ ಬಲ ಹುಟ್ಟುತ್ತದೆ. ಈ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ರಿಮ್ಮಿನ ಅಂಚಿನಲ್ಲಿ, ಕೇಂದ್ರದಿಂದ ಸುಮಾರು 21 ಸೆಂ.ಮೀ. ದೂರದಲ್ಲಿರುವ 30 ಗ್ರಾಂ ಹೆಚ್ಚುವರಿ ತೂಕ 100 ಕಿ.ಮೀ. ವೇಗದಲ್ಲಿ ಸುಮಾರು 30 ನ್ಯೂಟನ್, ಅಂದರೆ ಮೂರು ಕಿಲೋಗ್ರಾಂ ಭಾರದಷ್ಟು ಬಲವನ್ನು ಸೆಕೆಂಡಿಗೆ ಹನ್ನೊಂದು ಬಾರಿ ಹಬ್ಬಿನ ಮೇಲೆ ಸುತ್ತುಗಟ್ಟಿ ಹೇರುತ್ತದೆ.

ಸಸ್ಪೆನ್ಶನ್ ಸ್ಪ್ರಿಂಗಿನ ಕೆಳಗಿರುವ ಚಕ್ರ, ಹಬ್, ಬ್ರೇಕ್, ಅಚ್ಚುಗಳ ಸಮುಚ್ಚಯಕ್ಕೆ ಸಾಮಾನ್ಯವಾಗಿ 10ರಿಂದ 15 ಹರ್ಟ್ಸ್ ಸಹಜ ಆವೃತ್ತಿ ಇರುತ್ತದೆ. ದೊಡ್ಡ ಪಿಕಪ್‌ನ ಟೈರ್ ಹೆದ್ದಾರಿ ವೇಗದಲ್ಲಿ ತಿರುಗುವುದೂ ಇದೇ ದರದಲ್ಲಿ. 60 ಕಿ.ಮೀ.ಗೆ ಗೊತ್ತಾಗದ ಅಸಮತೋಲನ 90ರ ಮೇಲೆ ಎದ್ದು ಕಾಣುವುದಕ್ಕೂ, ಕೆಲವು ವಾಹನಗಳಲ್ಲಿ 120 ದಾಟಿದರೆ ಕಂಪನ ಇಳಿಯುವುದಕ್ಕೂ ಈ ಅನುರಣನವೇ ಕಾರಣ.

ಟೈರಿನ ಉರುಳುಪರಿಧಿ 2.5 ಮೀ., ಹಿಂದಿನ ಅಚ್ಚಿನ ಗೇರ್ ಅನುಪಾತ 3.73 ಇರುವ ಪಿಕಪ್‌ನಲ್ಲಿ ಆವೃತ್ತಿಗಳು ಹೀಗಿರುತ್ತವೆ:

| ವೇಗ (ಕಿ.ಮೀ./ಗಂಟೆ) | ಟೈರ್, 1ನೆಯ ಕ್ರಮ (ಹರ್ಟ್ಸ್) | ಪ್ರೊಪೆಲ್ಲರ್ ಶಾಫ್ಟ್, 1ನೆಯ ಕ್ರಮ (ಹರ್ಟ್ಸ್) | ಪ್ರೊಪೆಲ್ಲರ್ ಶಾಫ್ಟ್, 2ನೆಯ ಕ್ರಮ (ಹರ್ಟ್ಸ್) |
|---|---|---|---|
| 80 | 8.9 | 33 | 66 |
| 100 | 11.1 | 41 | 83 |
| 120 | 13.3 | 50 | 99 |

## ವಾಹನದ ರಚನೆ ಮತ್ತು ಕಂಪನ

ಕಾರುಗಳಿಗಿಂತ ಪಿಕಪ್‌ಗಳಲ್ಲಿ ಕಂಪನದ ದೂರು ಬಿಡಿಸಲು ಕಷ್ಟವಾಗುವುದಕ್ಕೆ ಅವುಗಳ ರಚನೆಯೇ ಕಾರಣ. ಹೆಚ್ಚಿನ ಪಿಕಪ್‌ಗಳಲ್ಲಿ ಏಣಿಯಾಕಾರದ ಚಾಸಿಯ ಮೇಲೆ ಕ್ಯಾಬಿನ್ ಮತ್ತು ತೊಟ್ಟಿಯನ್ನು ಪ್ರತ್ಯೇಕವಾಗಿ ಕೂರಿಸಲಾಗಿರುತ್ತದೆ. ಉದ್ದ ಚಾಸಿ ತಾನೇ ಮೇಲೆಕೆಳಗೆ ಬಾಗಿ ಕಂಪಿಸಬಲ್ಲದು. ಇದರ ಆವೃತ್ತಿ ಚಕ್ರದ ಆವೃತ್ತಿಗೆ ಹತ್ತಿರವಿದ್ದರೆ ಚಕ್ರದ ಚಿಕ್ಕ ದೋಷವೂ ಕ್ಯಾಬಿನ್ನಿಗೆ ಹಿಗ್ಗಿ ತಲುಪುತ್ತದೆ. ಕ್ಯಾಬಿನ್ನಿನ ಕೆಳಗಿನ ರಬ್ಬರ್ ಮೌಂಟುಗಳು ಸವೆದರೆ ಈ ಹಿಗ್ಗುವಿಕೆ ಇನ್ನೂ ಹೆಚ್ಚುತ್ತದೆ.

ಹಿಂಭಾಗದಲ್ಲಿ ಘನ ಅಚ್ಚು ಮತ್ತು ಲೀಫ್ ಸ್ಪ್ರಿಂಗ್ ಇರುವುದು ಸಾಮಾನ್ಯ. ಒಂದು ಟನ್ ಹೊರುವಂತೆ ಬಿಗಿಯಾಗಿ ಮಾಡಿದ ಸ್ಪ್ರಿಂಗ್ ತೊಟ್ಟಿ ಖಾಲಿಯಿದ್ದಾಗ ಹೆಚ್ಚು ಬಗ್ಗುವುದಿಲ್ಲ, ಹಾಗಾಗಿ ಕಂಪನವನ್ನೂ ಕಡಿಮೆ ಹೀರುತ್ತದೆ. ಹೇರು ಬದಲಾದಂತೆ ಅಚ್ಚಿನ ಎತ್ತರವೂ ಅದರೊಂದಿಗೆ ಶಾಫ್ಟಿನ ಕೋನವೂ ಬದಲಾಗುತ್ತವೆ. ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿನವರೆಗಿನ ಅಂತರ ಹೆಚ್ಚಿರುವುದರಿಂದ ಪ್ರೊಪೆಲ್ಲರ್ ಶಾಫ್ಟ್ ಉದ್ದವಾಗಿರುತ್ತದೆ, ಇಲ್ಲವೇ ಎರಡು ತುಂಡಾಗಿ ನಡುವೆ ಸೆಂಟರ್ ಬೇರಿಂಗ್ ಹೊಂದಿರುತ್ತದೆ. ನಾಲ್ಕೂ ಚಕ್ರಗಳಿಗೆ ಚಾಲನೆ ಇರುವ ಮಾದರಿಗಳಲ್ಲಿ ಟ್ರಾನ್ಸ್‌ಫರ್ ಕೇಸ್ ಮತ್ತು ಮುಂಭಾಗದ ಶಾಫ್ಟ್ ಸೇರಿ ತಿರುಗುವ ಭಾಗಗಳ ಸಂಖ್ಯೆ ಇನ್ನಷ್ಟು ಹೆಚ್ಚುತ್ತದೆ.

## ವಿಧಗಳು

### ಟೈರ್ ಮತ್ತು ಚಕ್ರದ ಕಂಪನ

ಹೆದ್ದಾರಿ ಕಂಪನಗಳಲ್ಲಿ ಅತಿ ಸಾಮಾನ್ಯವಾದುದು ಇದು. ಒಂದೊಂದು ಹೊಡೆತವೂ ಬೇರೆಬೇರೆಯಾಗಿ ಅರಿವಿಗೆ ಬರುವಷ್ಟು ನಿಧಾನದ ಅದುರುವಿಕೆ ಇದರ ಲಕ್ಷಣ. ಕಾರಣಗಳು ಮೂರು ಬಗೆ.

ಮೊದಲನೆಯದು ತೂಕದ ಅಸಮತೋಲನ. ತೂಕ ಒಂದೆಡೆ ಹೆಚ್ಚಿದ್ದರೆ ಚಕ್ರ ಮೇಲೆಕೆಳಗೆ ಕುಪ್ಪಳಿಸುತ್ತದೆ. ಒಳ, ಹೊರ ಅಂಚುಗಳಲ್ಲಿ ಬೇರೆಬೇರೆ ಕಡೆ ಹೆಚ್ಚಿದ್ದರೆ ಎಡಬಲಕ್ಕೆ ಓಲಾಡುತ್ತದೆ. ಮೊದಲಿನದು ಸ್ಥಿರ ಅಸಮತೋಲನ, ಎರಡನೆಯ ಅಂಶವೂ ಸೇರಿದರೆ ಚಲನಾ ಅಸಮತೋಲನ. ಬ್ಯಾಲೆನ್ಸಿಂಗ್ ತೂಕ ಉದುರುವುದು, ರಿಮ್ಮಿನ ಒಳಗೆ ಕೆಸರು ಅಥವಾ ಹಿಮ ಗಟ್ಟಿಯಾಗುವುದು ಸಾಮಾನ್ಯ ಕಾರಣಗಳು.

ಎರಡನೆಯದು ಆಕಾರದೋಷ. ಬಾಗಿದ ರಿಮ್, ಸರಿಯಾಗಿ ಕೂರದ ಟೈರ್ ಅಂಚು, ಬಹಳ ದಿನ ನಿಂತಲ್ಲೇ ನಿಂತು ಚಪ್ಪಟೆಯಾದ ಟೈರ್ ಈ ಗುಂಪಿಗೆ ಸೇರುತ್ತವೆ. ನಿಂತದ್ದರಿಂದ ಆದ ಚಪ್ಪಟೆ ಸಾಮಾನ್ಯವಾಗಿ ಟೈರ್ ಬಿಸಿಯಾದ ಮೇಲೆ ಮಾಯವಾಗುತ್ತದೆ. ಮಾರುಕಟ್ಟೆಯಲ್ಲಿ ಬದಲಿಯಾಗಿ ಕೊಂಡ ರಿಮ್ಮಿನ ನಡುರಂಧ್ರ ಹಬ್ಬಿಗಿಂತ ದೊಡ್ಡದಿದ್ದು, ಚಕ್ರ ಕೇಂದ್ರ ತಪ್ಪಿ ಕೂರುವುದೂ ಉಂಟು.

ಮೂರನೆಯದು ಬಿಗಿತದ ವ್ಯತ್ಯಾಸ. ಟೈರ್ ನೋಡಲು ದುಂಡಗಿದ್ದು ತೂಕದಲ್ಲಿ ಸಮವಾಗಿದ್ದರೂ ಅದರ ಪದರಗಳ ಒಂದು ಭಾಗ ಉಳಿದುದಕ್ಕಿಂತ ಬಿಗಿಯಾಗಿರಬಹುದು. ಆ ಭಾಗ ರಸ್ತೆಗೆ ಒತ್ತಿದಾಗಲೆಲ್ಲ ಅಚ್ಚಿನ ಮೇಲೆ ಹೆಚ್ಚಿನ ಬಲ ಬೀಳುತ್ತದೆ. ಇದಕ್ಕೆ ತ್ರಿಜ್ಯ ಬಲವ್ಯತ್ಯಾಸ ಎಂದು ಹೆಸರು. ಭಾರವಿಲ್ಲದೆ ಟೈರನ್ನು ತಿರುಗಿಸುವ ಸಾಮಾನ್ಯ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಈ ದೋಷ ಕಾಣುವುದಿಲ್ಲ.

ಒಂದಕ್ಕಿಂತ ಹೆಚ್ಚು ಚಕ್ರಗಳಲ್ಲಿ ದೋಷವಿದ್ದು ಅವುಗಳ ಉರುಳುಪರಿಧಿಯಲ್ಲಿ ಅಲ್ಪ ವ್ಯತ್ಯಾಸವಿದ್ದರೆ ಕಂಪನ ನಿಧಾನವಾಗಿ ಏರಿ ಇಳಿಯುತ್ತದೆ. ಎರಡು ಸಮೀಪದ ಆವೃತ್ತಿಗಳು ಕೂಡಿದಾಗ ಉಂಟಾಗುವ ಈ ಏರಿಳಿತ ವಿಸ್ಪಂದ.

### ಪ್ರೊಪೆಲ್ಲರ್ ಶಾಫ್ಟಿನ ಕಂಪನ

ಶಾಫ್ಟ್ ಚಕ್ರಕ್ಕಿಂತ ಅಚ್ಚಿನ ಅನುಪಾತದಷ್ಟು ಪಟ್ಟು ವೇಗವಾಗಿ ತಿರುಗುವುದರಿಂದ ಅದರ ಕಂಪನ ನುಣುಪಾದ ಗುಂಯ್‌ಗುಡುವಿಕೆಯಾಗಿ ನೆಲ ಮತ್ತು ಆಸನದಲ್ಲಿ ಅನುಭವಕ್ಕೆ ಬರುತ್ತದೆ. ಒಂದನೆಯ ಕ್ರಮದ ಕಂಪನಕ್ಕೆ ಶಾಫ್ಟಿನ ಅಸಮತೋಲನ, ಕೊಳವೆಗೆ ಬಿದ್ದ ತಗ್ಗು, ಕಳಚಿಬಿದ್ದ ಬ್ಯಾಲೆನ್ಸಿಂಗ್ ತುಣುಕು ಅಥವಾ ಪಿನಿಯನ್ ಫ್ಲ್ಯಾಂಜಿನ ರನ್‌ಔಟ್ ಕಾರಣ.

ಎರಡನೆಯ ಕ್ರಮದ ಕಂಪನ ಯೂನಿವರ್ಸಲ್ ಜಾಯಿಂಟಿನ ಸ್ವಭಾವದಿಂದಲೇ ಬರುತ್ತದೆ. ಕೋನದಲ್ಲಿರುವ ಜಾಯಿಂಟಿಗೆ ಒಂದೇ ಸಮನಾದ ವೇಗ ಒದಗಿಸಿದರೂ ಹೊರಬರುವ ವೇಗ ಪ್ರತಿ ಸುತ್ತಿಗೆ ಎರಡು ಬಾರಿ ಹೆಚ್ಚಿ ಎರಡು ಬಾರಿ ಕುಗ್ಗುತ್ತದೆ. ಈ ಏರಿಳಿತ 3 ಡಿಗ್ರಿ ಕೋನದಲ್ಲಿ ಶೇ. 0.14ರಷ್ಟಿದ್ದರೆ 10 ಡಿಗ್ರಿಯಲ್ಲಿ ಶೇ. 1.5ರಷ್ಟಾಗುತ್ತದೆ. ಶಾಫ್ಟಿನ ಎರಡೂ ತುದಿಯ ಜಾಯಿಂಟುಗಳು ಒಂದೇ ಸಮತಲದಲ್ಲಿ, ಸಮಾನ ಕೋನದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ರದ್ದುಮಾಡುತ್ತದೆ. ವಾಹನವನ್ನು ಎತ್ತರಿಸುವ ಲಿಫ್ಟ್ ಕಿಟ್, ಕುಸಿದ ಲೀಫ್ ಸ್ಪ್ರಿಂಗ್, ಸವೆದ ಗೇರ್‌ಬಾಕ್ಸ್ ಮೌಂಟ್ ಅಥವಾ ಕಳಚಿ ತಪ್ಪಾಗಿ ಜೋಡಿಸಿದ ಶಾಫ್ಟ್ ಈ ಸಮಾನತೆಯನ್ನು ಕೆಡಿಸುತ್ತವೆ. ನೇರ ರಸ್ತೆಯ ಓಟಕ್ಕೆ ಪ್ರತಿ ಜಾಯಿಂಟಿನ ಕೋನ 3 ಡಿಗ್ರಿ ಮೀರದಿರುವುದು, ಎರಡರ ನಡುವಿನ ವ್ಯತ್ಯಾಸ 1 ಡಿಗ್ರಿಯೊಳಗಿರುವುದು ರೂಢಿಯ ನಿಯಮ. ಕೋನ ಪೂರ್ತಿ ಸೊನ್ನೆಯಾದರೆ ಜಾಯಿಂಟಿನ ಸೂಜಿ ಬೇರಿಂಗುಗಳು ಉರುಳದೆ ಒಂದೇ ಜಾಗದಲ್ಲಿ ಸವೆಯುತ್ತವೆಯಾದ್ದರಿಂದ ಅಲ್ಪ ಕೋನವನ್ನು ಉದ್ದೇಶಪೂರ್ವಕವಾಗಿ ಉಳಿಸಲಾಗುತ್ತದೆ.

ಶಾಫ್ಟಿನ ಸಂಧಿವೇಗವೂ ಮುಖ್ಯ. ಶಾಫ್ಟ್ ತನ್ನ ಸಹಜ ಆವೃತ್ತಿಯಲ್ಲಿ ತಿರುಗಿ ಬಿಲ್ಲಿನಂತೆ ಬಾಗುವ ವೇಗ ಇದು. ಉದ್ದದ ವರ್ಗಕ್ಕೆ ವಿಲೋಮಾನುಪಾತದಲ್ಲಿರುತ್ತದೆ. 89 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪ, 2 ಮೀ. ಉದ್ದದ ಉಕ್ಕಿನ ಕೊಳವೆಗೆ ಲೆಕ್ಕದ ಪ್ರಕಾರ ಇದು ಸುಮಾರು 62 ಹರ್ಟ್ಸ್, ಎಂದರೆ ನಿಮಿಷಕ್ಕೆ 3,700 ಸುತ್ತು. ಮೇಲಿನ ಉದಾಹರಣೆಯ ಪಿಕಪ್‌ನಲ್ಲಿ 150 ಕಿ.ಮೀ. ವೇಗಕ್ಕೆ ಶಾಫ್ಟ್ ಆ ಮಟ್ಟ ಮುಟ್ಟುತ್ತದೆ. ಜೋಡಣೆಯ ಬಾಗುವಿಕೆಯಿಂದ ನಿಜವಾದ ಮಿತಿ ಇನ್ನೂ ಕೆಳಗಿರುತ್ತದೆ. ಆದ್ದರಿಂದಲೇ ಉದ್ದನೆಯ ಮಾದರಿಗಳಲ್ಲಿ ಎರಡು ತುಂಡಿನ ಶಾಫ್ಟ್ ಅಥವಾ ಹೆಚ್ಚು ವ್ಯಾಸದ ಅಲ್ಯೂಮಿನಿಯಂ ಶಾಫ್ಟ್ ಬಳಸುತ್ತಾರೆ.

### ಎಂಜಿನ್ ಮತ್ತು ಗೇರ್‌ಬಾಕ್ಸಿನ ಕಂಪನ

ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಪ್ರತಿ ಸುತ್ತಿಗೆ ಸಿಲಿಂಡರ್ ಸಂಖ್ಯೆಯ ಅರ್ಧದಷ್ಟು ದಹನಗಳಾಗುತ್ತವೆ. ಎಂಟು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 1,670 ಸುತ್ತಿನಲ್ಲಿ ಓಡುವಾಗ ದಹನದ ಆವೃತ್ತಿ ಸುಮಾರು 111 ಹರ್ಟ್ಸ್. ಇಂಧನ ಉಳಿತಾಯಕ್ಕಾಗಿ ನಾಲ್ಕು ಸಿಲಿಂಡರ್‌ಗಳನ್ನು ನಿಷ್ಕ್ರಿಯಗೊಳಿಸಿದರೆ ಅದು ಅರ್ಧಕ್ಕಿಳಿದು ಕ್ಯಾಬಿನ್ನಿನಲ್ಲಿ ಹೆಚ್ಚು ಗೋಚರವಾಗುತ್ತದೆ. ಎಂಜಿನ್ ಮೌಂಟಿನ ಸವೆತ, ಚಾಸಿಗೆ ತಾಗುವ ಸೈಲೆನ್ಸರ್ ಕೊಳವೆ, ಟಾರ್ಕ್ ಕನ್ವರ್ಟರಿನ ಅಸಮತೋಲನ ಇತರ ಕಾರಣಗಳು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕನ್ವರ್ಟರ್ ಕ್ಲಚ್ ಸ್ವಲ್ಪ ಆಕ್ಸಿಲರೇಟರ್ ಒತ್ತಿದಾಗ ಹಿಡಿದು ಜಾರುತ್ತಿದ್ದರೆ ರಸ್ತೆಯ ಕಿರುಉಬ್ಬುಗಳ ಮೇಲೆ ಹಾದಂತಹ ನಡುಕ ಉಂಟಾಗುತ್ತದೆ. ಗುಣ ಕಳೆದುಕೊಂಡ ಗೇರ್ ಆಯಿಲ್ ಇದಕ್ಕೆ ಒಂದು ಕಾರಣ.

### ಬ್ರೇಕ್ ಹಿಡಿದಾಗಿನ ಕಂಪನ

ಬ್ರೇಕ್ ಒತ್ತಿದಾಗ ಮಾತ್ರ ಬರುವ ಕಂಪನಕ್ಕೆ ಡಿಸ್ಕಿನ ದಪ್ಪದಲ್ಲಿನ ಅಸಮತೆ ಅಥವಾ ಪಾರ್ಶ್ವ ರನ್‌ಔಟ್ ಕಾರಣ. ಮುಂದಿನ ಡಿಸ್ಕಿನ ದೋಷ ಸ್ಟೀರಿಂಗ್ ಮತ್ತು ಪೆಡಲಿನಲ್ಲಿ, ಹಿಂದಿನದು ಆಸನದಲ್ಲಿ ಗೊತ್ತಾಗುತ್ತದೆ.

### ಶಿಮ್ಮಿ

ಮುಂಭಾಗದಲ್ಲೂ ಘನ ಅಚ್ಚು ಹೊಂದಿರುವ ಭಾರೀ ಪಿಕಪ್‌ಗಳಲ್ಲಿ ರಸ್ತೆಯ ಸಣ್ಣ ಗುಂಡಿಗೆ ತಾಗಿದೊಡನೆ ಸ್ಟೀರಿಂಗ್ ಉಗ್ರವಾಗಿ ಒದರತೊಡಗಿ, ವೇಗ ತಗ್ಗಿಸುವವರೆಗೆ ನಿಲ್ಲದಿರುವುದು ಉಂಟು. ಇದು ಸುತ್ತುವೇಗಕ್ಕೆ ಕಟ್ಟುಬಿದ್ದ ಕಂಪನವಲ್ಲ. ಒಮ್ಮೆ ಪ್ರಚೋದನೆ ಸಿಕ್ಕರೆ ವಾಹನದ ಚಲನೆಯಿಂದಲೇ ಶಕ್ತಿ ಪಡೆದು ಮುಂದುವರಿಯುವ ಸ್ವಯಂಪೋಷಿತ ಕಂಪನ. ಟ್ರ್ಯಾಕ್ ಬಾರ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಮತ್ತು ಸ್ಟೀರಿಂಗ್ ಡ್ಯಾಂಪರುಗಳ ಸವೆತ ಇದಕ್ಕೆ ಎಡೆಮಾಡಿಕೊಡುತ್ತದೆ.

## ದೋಷಪತ್ತೆಯ ಕ್ರಮ

ಮೊದಲ ಹಂತ ತಪಾಸಣೆ. ಟೈರುಗಳ ಗಾಳಿಯೊತ್ತಡ, ಉಬ್ಬು, ಅಸಮ ಸವೆತ, ಚಕ್ರದ ನಟ್ಟುಗಳ ಬಿಗಿ, ಜಾಯಿಂಟ್ ಕ್ರಾಸ್‌ಗಳ ಸಡಿಲಿಕೆ, ಸೆಂಟರ್ ಬೇರಿಂಗಿನ ರಬ್ಬರ್ ಇವುಗಳನ್ನು ವಾಹನ ಓಡಿಸುವ ಮೊದಲೇ ನೋಡಲಾಗುತ್ತದೆ. ಇತ್ತೀಚೆಗೆ ಟೈರ್, ಸ್ಪ್ರಿಂಗ್ ಅಥವಾ ಶಾಫ್ಟ್ ಬದಲಿಸಿದ್ದರೆ ಅಲ್ಲಿಂದಲೇ ಪರೀಕ್ಷೆ ಆರಂಭವಾಗುತ್ತದೆ.

ಎರಡನೆಯ ಹಂತ ರಸ್ತೆ ಪರೀಕ್ಷೆ. ಟೈರ್ ಬಿಸಿಯಾಗುವಷ್ಟು ದೂರ ಓಡಿಸಿದ ಮೇಲೆ ಕಂಪನ ಯಾವ ವೇಗದಲ್ಲಿ ಹುಟ್ಟಿ ಎಲ್ಲಿ ಅತಿ ಹೆಚ್ಚಾಗುತ್ತದೆ ಎಂದು ಗುರುತಿಸಲಾಗುತ್ತದೆ. ಸ್ಟೀರಿಂಗಿನಲ್ಲಿ ಬರುವ ಕಂಪನ ಮುಂದಿನ ಚಕ್ರಗಳನ್ನೂ ಆಸನದಲ್ಲಿ ಬರುವುದು ಹಿಂಭಾಗವನ್ನೂ ಸೂಚಿಸುವುದು ಸಾಮಾನ್ಯ. ಚಾಸಿಯ ಮೂಲಕ ಕಂಪನ ಸಾಗುವುದರಿಂದ ಇದನ್ನು ಖಚಿತ ಪುರಾವೆಯಾಗಿ ಪರಿಗಣಿಸುವುದಿಲ್ಲ.

ಮೂರನೆಯ ಹಂತ ಬೇರ್ಪಡಿಸುವಿಕೆ. ಕಂಪನವಿರುವ ವೇಗದಲ್ಲೇ ಗೇರ್ ಒಂದು ಮೆಟ್ಟಿಲು ಇಳಿಸಿದರೆ ಎಂಜಿನ್ ಸುತ್ತು ಹೆಚ್ಚುತ್ತದೆ, ಚಕ್ರ ಮತ್ತು ಶಾಫ್ಟಿನ ಸುತ್ತು ಹಾಗೇ ಉಳಿಯುತ್ತದೆ. ಆಗ ಕಂಪನ ಬದಲಾದರೆ ಮೂಲ ಎಂಜಿನ್ ಕಡೆಯದು. ಬದಲಾಗದಿದ್ದರೆ ಚಕ್ರ ಅಥವಾ ಶಾಫ್ಟಿನದು. ವಾಹನಸಂಚಾರವಿಲ್ಲದ ಕಡೆ ಎಂಜಿನ್ ಚಾಲೂ ಇಟ್ಟು ನ್ಯೂಟ್ರಲ್‌ಗೆ ಹಾಕಿದರೂ ಇದೇ ವಿಷಯ ತಿಳಿಯುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಿ ಬಿಟ್ಟಾಗ ಕಡಿಮೆಯಾಗುವ ಕಂಪನ ಟಾರ್ಕಿಗೆ ಸಂಬಂಧಿಸಿದ್ದು. ಶಾಫ್ಟಿನ ಕೋನ, ಜಾಯಿಂಟ್ ಮತ್ತು ಮೌಂಟುಗಳನ್ನು ಆಗ ಪರೀಕ್ಷಿಸಲಾಗುತ್ತದೆ. ನಿಂತಲ್ಲೇ ಎಂಜಿನ್ ಸುತ್ತು ಏರಿಸಿದಾಗಲೂ ಕಂಪನ ಬಂದರೆ ಚಕ್ರಗಳನ್ನು ಪಟ್ಟಿಯಿಂದ ಕೈಬಿಡಬಹುದು.

ನಾಲ್ಕನೆಯ ಹಂತ ಆವೃತ್ತಿಯ ಅಳತೆ. ಅಳೆದ ಮೌಲ್ಯವನ್ನು ಆ ವೇಗದ ಟೈರ್, ಶಾಫ್ಟ್, ಎಂಜಿನ್ ಆವೃತ್ತಿಗಳೊಂದಿಗೆ ಹೋಲಿಸಲಾಗುತ್ತದೆ. 100 ಕಿ.ಮೀ. ವೇಗದಲ್ಲಿ 11 ಹರ್ಟ್ಸ್ ಬಂದರೆ ಟೈರ್, 41 ಬಂದರೆ ಶಾಫ್ಟಿನ ಅಸಮತೋಲನ, 83 ಬಂದರೆ ಶಾಫ್ಟಿನ ಕೋನ ಎಂದು ಮೇಲಿನ ಕೋಷ್ಟಕದ ಪಿಕಪ್‌ಗೆ ನಿರ್ಣಯಿಸಬಹುದು. ಟೈರಿನ ಎರಡು, ಮೂರನೆಯ ಕ್ರಮಗಳು 22 ಮತ್ತು 33 ಹರ್ಟ್ಸ್ ಬಳಿ ಬರುತ್ತವೆ. ಟೈರಿನ ಒಂದಕ್ಕಿಂತ ಹೆಚ್ಚು ಕಡೆ ಉಬ್ಬುತಗ್ಗು ಇದ್ದರೆ ಇವು ಪ್ರಬಲವಾಗುತ್ತವೆ.

ಕೊನೆಯ ಹಂತ ದೃಢೀಕರಣ. ಹಿಂದಿನ ಚಕ್ರಗಳನ್ನು ಕಳಚಿ, ಅಚ್ಚಿಗೆ ಆಸರೆ ಕೊಟ್ಟು ಮೇಲೆತ್ತಿದ ವಾಹನವನ್ನು ಅದೇ ಸುತ್ತಿನಲ್ಲಿ ಓಡಿಸಿದಾಗಲೂ ಕಂಪನ ಉಳಿದರೆ ಅದು ಶಾಫ್ಟಿನದೆಂದು ಸಿದ್ಧವಾಗುತ್ತದೆ. ಅಚ್ಚು ಜೋತುಬಿದ್ದರೆ ಜಾಯಿಂಟ್ ಕೋನಗಳು ಬದಲಾಗಿ ಪರೀಕ್ಷೆ ದಾರಿತಪ್ಪಿಸುವುದರಿಂದ ಆಸರೆ ಅಚ್ಚಿನ ಕೆಳಗೇ ಇರಬೇಕು. ಮುಂದಿನ, ಹಿಂದಿನ ಚಕ್ರಗಳನ್ನು ಅದಲುಬದಲು ಮಾಡಿ ಕಂಪನದ ಸ್ಥಾನ ಸರಿಯುತ್ತದೆಯೇ ಎಂದು ನೋಡುವುದು ಟೈರುಗಳಿಗೆ ಅನ್ವಯಿಸುವ ದೃಢೀಕರಣ.

## ಉಪಕರಣಗಳು

ವಿವಿಧ ಉದ್ದದ ಲೋಹಪಟ್ಟಿಗಳು ತಮ್ಮ ತಮ್ಮ ಸಹಜ ಆವೃತ್ತಿಗೆ ಮಾತ್ರ ಕಂಪಿಸುವ ರೀಡ್ ಟ್ಯಾಕೊಮೀಟರ್ ಹಳೆಯ ಉಪಕರಣ. 1965ರಲ್ಲಿ ಜೇಮ್ಸ್ ಕೂಲಿ ಮತ್ತು ಜಾನ್ ಟ್ಯೂಕಿ ಪ್ರಕಟಿಸಿದ ಶೀಘ್ರ ಫೂರ್ಯೆ ಪರಿವರ್ತನೆಯ ಗಣನವಿಧಾನ, ಬೆರೆತ ಕಂಪನವನ್ನು ಬಿಡಿ ಆವೃತ್ತಿಗಳಾಗಿ ಕ್ಷಣದಲ್ಲಿ ಒಡೆಯುವುದನ್ನು ಸಾಧ್ಯವಾಗಿಸಿತು. ಇದನ್ನು ಆಧರಿಸಿದ, ಕೈಯಲ್ಲಿ ಹಿಡಿಯಬಹುದಾದ ವಿದ್ಯುನ್ಮಾನ ಕಂಪನ ವಿಶ್ಲೇಷಕಗಳು ಮುಂದೆ ವರ್ಕ್‌ಶಾಪ್‌ಗಳಿಗೆ ಬಂದವು. ಮೊಬೈಲ್ ಫೋನಿನೊಳಗಿನ ವೇಗೋತ್ಕರ್ಷಮಾಪಕವನ್ನು ಬಳಸುವ ಆ್ಯಪ್‌ಗಳು ಇಂದು ಟೈರ್ ಮತ್ತು ಶಾಫ್ಟಿನ ಕಂಪನಗಳನ್ನು ಬೇರ್ಪಡಿಸುವಷ್ಟು ಮಾಹಿತಿ ನೀಡುತ್ತವೆ.

ರನ್‌ಔಟ್ ಅಳೆಯಲು ಡಯಲ್ ಗೇಜ್, ಶಾಫ್ಟಿನ ಕೋನಕ್ಕೆ ಡಿಜಿಟಲ್ ಕೋನಮಾಪಕ ಬಳಕೆಯಲ್ಲಿವೆ. ತಿರುಗುವ ಟೈರನ್ನು ಉರುಳೆಯೊಂದರಿಂದ ಒತ್ತಿ ಬಲವ್ಯತ್ಯಾಸವನ್ನು ಅಳೆಯುವ ಬ್ಯಾಲೆನ್ಸಿಂಗ್ ಯಂತ್ರಗಳನ್ನು ಅಮೆರಿಕದ ಹಂಟರ್ ಎಂಜಿನಿಯರಿಂಗ್ ಕಂಪನಿ 1990ರ ದಶಕದ ಕೊನೆಯಲ್ಲಿ ಪ್ರಚಾರಕ್ಕೆ ತಂದಿತು.

## ಪರಿಹಾರಗಳು

ತೂಕದ ಅಸಮತೋಲನವನ್ನು ರಿಮ್ಮಿನ ಎರಡೂ ಅಂಚುಗಳಲ್ಲಿ ಸಣ್ಣ ತೂಕಗಳನ್ನು ಕೂರಿಸಿ ಸರಿಪಡಿಸುತ್ತಾರೆ. ಸೀಸದ ತೂಕಗಳನ್ನು ಯುರೋಪಿಯನ್ ಒಕ್ಕೂಟ 2005ರಿಂದ ಲಘು ವಾಹನಗಳಲ್ಲಿ ನಿಷೇಧಿಸಿದ್ದು, ಸತು ಮತ್ತು ಉಕ್ಕಿನವು ಅವುಗಳ ಸ್ಥಾನಕ್ಕೆ ಬಂದಿವೆ. ಬಲವ್ಯತ್ಯಾಸವಿದ್ದರೆ ಟೈರಿನ ಬಿಗಿಯಾದ ಭಾಗವನ್ನು ರಿಮ್ಮಿನ ತಗ್ಗಾದ ಭಾಗಕ್ಕೆ ಎದುರುಬದುರು ಬರುವಂತೆ ತಿರುಗಿಸಿ ಕೂರಿಸಲಾಗುತ್ತದೆ. ಹೊಸ ಟೈರುಗಳ ಮೇಲಿನ ಕೆಂಪು ಚುಕ್ಕೆ ಸಾಮಾನ್ಯವಾಗಿ ಬಲವ್ಯತ್ಯಾಸದ ಉಚ್ಚಬಿಂದುವನ್ನೂ ಹಳದಿ ಚುಕ್ಕೆ ತೂಕ ಕಡಿಮೆಯಿರುವ ಸ್ಥಳವನ್ನೂ ಸೂಚಿಸುತ್ತವೆ. ಹಳದಿ ಚುಕ್ಕೆಯನ್ನು ಗಾಳಿ ತುಂಬುವ ವಾಲ್ವಿನ ಬಳಿ ಬರುವಂತೆ ಕೂರಿಸುತ್ತಾರೆ.

ಶಾಫ್ಟನ್ನು ವಿಶೇಷ ಯಂತ್ರದಲ್ಲಿ ತಿರುಗಿಸಿ ಲೋಹದ ತುಣುಕು ಬೆಸೆದು ಸಮತೋಲನಗೊಳಿಸಲಾಗುತ್ತದೆ. ವಾಹನದಲ್ಲೇ ಹೋಸ್ ಕ್ಲಿಪ್ ಕಟ್ಟಿ ಅದರ ಸ್ಥಾನ ಬದಲಿಸುತ್ತ ಹೊಂದಿಸುವುದು ತಾತ್ಕಾಲಿಕ ಕ್ರಮ. ಕೋನದೋಷಕ್ಕೆ ಲೀಫ್ ಸ್ಪ್ರಿಂಗ್ ಮತ್ತು ಅಚ್ಚಿನ ನಡುವೆ ಓರೆ ಬಿಲ್ಲೆ ಇಡುವುದು ಅಥವಾ ಸೆಂಟರ್ ಬೇರಿಂಗಿನ ಎತ್ತರ ಬದಲಿಸುವುದು ಪರಿಹಾರ. ವೀಲ್ ಅಲೈನ್‌ಮೆಂಟ್ ಟೈರಿನ ಸವೆತ ಮತ್ತು ವಾಹನದ ನೇರ ಓಟಕ್ಕೆ ಸಂಬಂಧಿಸಿದ್ದು. ಅದೊಂದರಿಂದಲೇ ಲಯಬದ್ಧ ಕಂಪನ ನಿಲ್ಲುವುದಿಲ್ಲ.

## ಸುರಕ್ಷತೆ

ದೀರ್ಘಕಾಲದಿಂದ ಒಂದೇ ಮಟ್ಟದಲ್ಲಿರುವ ಕಂಪನಕ್ಕಿಂತ ಹಠಾತ್ತನೆ ಆರಂಭವಾಗಿ ಹೆಚ್ಚುತ್ತ ಹೋಗುವ ಕಂಪನ ಅಪಾಯಕಾರಿ. ಟೈರಿನ ಒಳಪದರ ಬಿಟ್ಟುಕೊಳ್ಳುವುದು, ಚಕ್ರದ ನಟ್ಟು ಸಡಿಲವಾಗುವುದು, ಜಾಯಿಂಟ್ ಕ್ರಾಸ್ ಮುರಿಯುವ ಹಂತಕ್ಕೆ ಬರುವುದು ಇದರ ಸಂಭವನೀಯ ಕಾರಣಗಳಾದ್ದರಿಂದ ವಾಹನವನ್ನು ನಿಲ್ಲಿಸಿ ಪರೀಕ್ಷಿಸಬೇಕು. ಮುಂಭಾಗದ ಜಾಯಿಂಟ್ ಮುರಿದು ಕಳಚಿದ ಶಾಫ್ಟ್ ರಸ್ತೆಗೆ ನೆಟ್ಟುಕೊಳ್ಳದಂತೆ ಕೆಲವು ವಾಹನಗಳಲ್ಲಿ ಉಕ್ಕಿನ ಬಳೆಯೊಂದನ್ನು ಅಳವಡಿಸಿರುತ್ತಾರೆ.

## ಇಂದಿನ ಸ್ಥಿತಿ

ತಯಾರಕರು ಕಂಪನವನ್ನು ಮೂಲದಲ್ಲಿ ತಗ್ಗಿಸುವುದರ ಜೊತೆಗೆ ಎದುರುಕಂಪನದಿಂದ ರದ್ದುಮಾಡುವ ವಿಧಾನಗಳನ್ನೂ ಅಳವಡಿಸುತ್ತಿದ್ದಾರೆ. 2019ರ ಮಾದರಿಯ ರ‍್ಯಾಮ್ 1500 ಪಿಕಪ್‌ನಲ್ಲಿ ಚಾಸಿಗೆ ಜೋಡಿಸಿದ ಸಕ್ರಿಯ ತೂಕದ ಘಟಕಗಳು ಸಿಲಿಂಡರ್ ನಿಷ್ಕ್ರಿಯತೆಯಿಂದ ಬರುವ ಕಂಪನವನ್ನು ಎದುರಿಸುತ್ತವೆ. 2021ರಲ್ಲಿ ಬಂದ ರಿವಿಯನ್ ಆರ್1ಟಿ, 2022ರ ಫೋರ್ಡ್ ಎಫ್-150 ಲೈಟ್ನಿಂಗ್ ಮೊದಲಾದ ವಿದ್ಯುತ್ ಪಿಕಪ್‌ಗಳಲ್ಲಿ ಮೋಟಾರು ಅಚ್ಚಿನ ಬಳಿಯೇ ಇರುವುದರಿಂದ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಇಲ್ಲ. ಎಂಜಿನ್ ಸದ್ದಿನ ಮರೆಯೂ ಇಲ್ಲದ ಕಾರಣ ಟೈರಿನ ಕಂಪನ ಅಲ್ಲಿ ಹೆಚ್ಚು ಗಮನಕ್ಕೆ ಬರುತ್ತದೆ.

ಭಾರತದಲ್ಲಿ ಪಿಕಪ್ ಮುಖ್ಯವಾಗಿ ಸರಕು ವಾಹನ. 2018ರ ಕೇಂದ್ರ ಅಧಿಸೂಚನೆ ಸರಕು ವಾಹನಗಳಿಗೆ ಎಕ್ಸ್‌ಪ್ರೆಸ್‌ವೇಗಳಲ್ಲಿ ಗಂಟೆಗೆ 80 ಕಿ.ಮೀ. ಗರಿಷ್ಠ ಮಿತಿ ನಿಗದಿಪಡಿಸಿದೆ. ಇಲ್ಲಿನ ಪಿಕಪ್‌ಗಳ ಟೈರ್ ಚಿಕ್ಕದು. 215/75 ಆರ್15 ಅಳತೆಯ ಟೈರಿನ ಪರಿಧಿ ಸುಮಾರು 2.2 ಮೀ. ಆಗಿದ್ದು 80 ಕಿ.ಮೀ. ವೇಗದಲ್ಲೇ ಅದು 10 ಹರ್ಟ್ಸ್ ಮುಟ್ಟುತ್ತದೆ. ಆದ್ದರಿಂದ ದೊಡ್ಡ ಟೈರಿನ ಪಿಕಪ್‌ನಲ್ಲಿ 90 ಕಿ.ಮೀ.ಗೆ ಕಾಣುವ ಚಕ್ರದ ಅನುರಣನ ಇಲ್ಲಿ ಕಾನೂನಿನ ಮಿತಿಯೊಳಗೇ ಎದುರಾಗಬಹುದು. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ಗಳಂತಹ ದೊಡ್ಡ ಪಿಕಪ್‌ಗಳೂ ಭಾರತದ ಮಾರುಕಟ್ಟೆಗೆ ಬಂದಿವೆ. ಕರ್ನಾಟಕದ ಪಟ್ಟಣಗಳಲ್ಲಿ ವೀಲ್ ಬ್ಯಾಲೆನ್ಸಿಂಗ್ ಸೇವೆ ಸಾಮಾನ್ಯವಾಗಿ ದೊರೆಯುತ್ತದೆ. ಟೈರ್, ಶಾಫ್ಟ್ ಮತ್ತು ಎಂಜಿನ್ನಿನ ಆವೃತ್ತಿಗಳ ಲೆಕ್ಕಕ್ಕೆ ಬೇಕಾದ ಟೈರ್ ಅಳತೆ ಟೈರಿನ ಪಕ್ಕದಲ್ಲೂ ಗೇರ್ ಅನುಪಾತಗಳು ವಾಹನದ ತಾಂತ್ರಿಕ ವಿವರಗಳಲ್ಲೂ ಸಿಗುವುದರಿಂದ ಈ ವಿಧಾನವನ್ನು ಯಾವುದೇ ಮಾದರಿಯ ಪಿಕಪ್‌ಗೂ ಅನ್ವಯಿಸಬಹುದು.